ಮುರಿಗೆಪ್ಪ ಲೈನ್ ಕಾದದ್ದು

ಕೇಳವರು ಸರದು ಕುಂತು ಕೇಳ್ರಿ. ನಗು ಬಂದ್ರ ತಡೀಬ್ಯಾಡ್ರಿ, ನಮ್ಮೂರಾಗ ಮಗ್ಗದ ಸದ್ದಿನಾಗ ನಕ್ಕದ್ದು ಬಾಜೂ ಮನಿಗೂ ಕೇಳಂಗಿಲ್ಲ.

ನೇಕಾರ ಓಣ್ಯಾಗ ಬಾಳವ್ವ ಅಂತ ಒಬ್ಬಾಕಿ. ಆಕಿಗೆ ಎರಡು ಪವರ್‌ಲೂಮ್ ಮಗ್ಗ, ಎರಡು ಮಕ್ಕಳು. ಮಗ ಮುರಿಗೆಪ್ಪ, ಮಗಳು ದಾನಮ್ಮ. ಮಗಳು ಬಲೇ ಶ್ಯಾಣ್ಯಾಕಿ. ಮಗ? ಏನ್ ಹೇಳ್ಲಿ! ಆಳೆತ್ತರ ಬೆಳದಾನ, ಹುರಿ ಮೀಸಿ ಬಿಟ್ಟಾನ, ಕೆಲಸಕ್ಕ ಎಂದೂ ಒಲ್ಲೆ ಅಂದಾಂವಲ್ಲ. ಆದ್ರ ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟಿ ಬರಾಂವ. ಹೇಳಿದ್ದು ಹೇಳಿದಂಗ ಮಾಡತಾನ, ಒಂದ ಎಳಿ ಹೆಚ್ಚಿಲ್ಲ, ಒಂದ ಎಳಿ ಕಮ್ಮಿಲ್ಲ. ಬಾಳವ್ವ ದಿನಾ ಹಣಿ ಹಣಿ ಬಡಕೊಂಡು, "ಎಪ್ಪಾ, ನನ್ನ ಹೊಟ್ಟ್ಯಾಗ ಎಲ್ಲಿ ಹುಟ್ಟಿದ್ಯೋ!" ಅಂತಿದ್ಳು. ಅಂವ, "ಇದೇ ಮನ್ಯಾಗ, ಯವ್ವಾ," ಅಂತಿದ್ದ.

ಯಾಕ ನಗತೀರಿ? ನಿಮ್ಮನ್ಯಾಗ ಅಂಥಾಂವ ಒಬ್ಬನೂ ಇಲ್ಲೇನು?

ದಾನಮ್ಮಗ ಸ್ವಾದರ ಮಾವ ಒಂದು ಆಟದ ಡಬ್ಬಿ ಕೊಟ್ಟಿದ್ದ. ಟೀವಿಗೆ ಹಚ್ಚಿ, ಎರಡು ಕೈಯಾಗ ಕಂಟ್ರೋಲರ್ ಹಿಡದು ಆಡೂದು. ಎಲ್ಲೆಲ್ಲಿ ಮಂದೀನೋ ಇಂಟರ್‌ನೆಟ್ಟಿನಾಗ ಕೂಡಿ ಆಡತಾರ, ಮೈಕಿನಾಗ ಒಬ್ಬರಿಗೊಬ್ಬರು ಮಾತೂ ಆಡತಾರ. ಆಟದಾಗ ಎರಡು ಕಲ್ಲಿನ ಕೋಟಿ, ಎರಡು ತಂಡ. ಎದುರಿನವರ ಕೋಟ್ಯಾಗ ಮೊದಲ ಬಾವುಟದ ನಿಶಾನಿ ನೆಟ್ಟವರು ಗೆದ್ದಂಗ. ಮಗ್ಗದ ಮುಂದ ಎಳಿ ಹಿಡದು ಹಿಡದು ದಾನಮ್ಮನ ಬೆರಳು ಎಂಥಾ ಚುರುಕು ಅಂದ್ರ, ಎದುರಿನಾಂವ ಕಣ್ಣು ಮುಚ್ಚಿ ತಗಿಯೂದ್ರಾಗ ಈಕಿ ಅವನ ಬೆನ್ನ ಹಿಂದ. ಓಣಿಯ ಮೂವರು ಗೆಳತ್ಯಾರನ್ನ ಕೂಡಿಸಿ ತಂಡಾ ಕಟ್ಟಿದ್ಳು. ಲಾಳಿ ಪಡೆ ಅಂತ ಹೆಸರಿಟ್ಟಳು. ಅವರವರ ಮನ್ಯಾಗ ಅವರವರು ಕುಂತು ಆಡವರು, ಎಲ್ಲಾರಿಗೂ ನಾಯಕಿ ದಾನಮ್ಮ.

ಆ ವರ್ಷ ಒಂದು ದೊಡ್ಡ ಪಂದ್ಯಾವಳಿ ಬಂತು. ಊರೂರು ತಂಡಾ ಬಂದ್ವು. ಲಾಳಿ ಪಡೆ ಒಬ್ಬೊಬ್ಬರನ್ನ ಕೆಡವಿ ಕೆಡವಿ ಮ್ಯಾಲ ಹೊಂಟ್ತು. ಬಾಳವ್ವಗ ಆಟ ತಿಳೀತಿದ್ದಿಲ್ಲ. ಆದ್ರ ಮಗಳು ಗೆದ್ದಾಗ ಆಕಿ ಸೆರಗು ತಾನಾಗೇ ಹೆಗಲ ಮ್ಯಾಲ ನೆಟ್ಟಗಾಗತಿತ್ತು.

ಒಂದೇ ಒಂದು ಚಿಂತಿ, ಇಂಟರ್‌ನೆಟ್ ಲೈನು. ಆಟದ ನಡುವ ಲೈನ್ ಹೋಗಿಬಿಡೂದು. ಪಂದ್ಯದವರು ಕಡ್ಡಿ ಮುರದಂಗ ಹೇಳಿದ್ರು: "ಒಂದ ಸಲ ನಡುವ ಬಿಟ್ಟುಹೋದ್ರ ಮಾಫಿ. ಎರಡನೇ ಸಲ ಬಿಟ್ಟುಹೋದ್ರ ತಂಡಾನ ಹೊರಗ."

ದಾನಮ್ಮ ಅಣ್ಣನ್ನ ಕರದು, "ಅಣ್ಣಾ, ನಾ ಆಡತೀನಿ, ನೀ ಲೈನ್ ಕಾಯಿ," ಅಂದ್ಳು.

"ಆತು ತಂಗಿ! ಪ್ರಾಣಾ ಕೊಟ್ಟು ಕಾಯತೀನಿ!" ಅಂದ ಮುರಿಗೆಪ್ಪ.

ಬಾಳವ್ವ ಎದಿ ಮ್ಯಾಲ ಕೈ ಇಟಗೊಂಡ್ಳು. "ಅಯ್ಯ, ಮಂಗ್ಯಾನ ಕೈಯಾಗ ಮಾಣಿಕ ಕೊಟ್ಟೆಲ್ಲಽ," ಅಂದ್ಳು. ದಾನಮ್ಮ ಮಾತ್ರ, "ನಮ್ಮಣ್ಣ ಬಿಟ್ರ ನನಗ ಯಾರದಾರ?" ಅಂದ್ಳು.

ಮರುದಿನಾನ ಲೈನ್ ಹೋತು. ಅದು ಬರೇ ತಾಲೀಮಿನ ಆಟ, ಪಂದ್ಯ ಅಲ್ಲ. "ಅಣ್ಣಾ, ನಿಂತಿತು ನೋಡು!" ಅಂತ ಕೂಗಿದ್ಳು ದಾನಮ್ಮ. ಮುರಿಗೆಪ್ಪ ಎದ್ದ. ಅವ್ವ ಸಣ್ಣಂವಿದ್ದಾಗಿಂದ ಏನ್ ಹೇಳಿದ್ಳು? ಮಗ್ಗ ನಿಂತ್ರ ಹರದ ಎಳಿ ಹುಡುಕು, ಗಂಟು ಹಾಕು. ರೂಟರ್ ಡಬ್ಬಿಯಿಂದ ಆಟದ ಡಬ್ಬಿ ತನಕ ವಾಯರ್ ಹಿಡಕೊಂಡು ಬಂದ. ಎಲ್ಲಿಯೂ ಹರದಿಲ್ಲ! ಮತ್ತೊಮ್ಮೆ ಸವರಿ ನೋಡಿದ. ಹರದಿಲ್ಲ! ತಲಿ ಕೆರಕೊಂಡ. ಆಮ್ಯಾಲ ಕತ್ತರಿ ತಂದು ವಾಯರ್ ನಟ್ಟನಡುವ ಕಚ್ಚ್ ಅಂತ ಕತ್ತರಿಸಿ, ಚೆಂದಾಗಿ ನೇಕಾರ ಗಂಟು ಹಾಕಿದ.

"ಏನ್ ಮಾಡಿದ್ಯೋ ಖೋಡಿ!" ಅಂದ್ಳು ಬಾಳವ್ವ.

"ಹರದದ್ದು ಸಿಗಲಿಲ್ಲ ಯವ್ವಾ. ಗಂಟು ಹಾಕಬೇಕಲ್ಲ, ಅದಕ್ಕ ನಾನೇ ಹರದೆ. ಗಂಟು ನೋಡು, ಎಷ್ಟು ಸಣ್ಣದು ಬಿದ್ದೈತಿ!"

ಗಂಟೇನೋ ಖರೇನ ಚೊಲೊ ಬಿದ್ದಿತ್ತು. ಬಾಳವ್ವಗ ಒಳಗೊಳಗ, ನನ್ನ ಮಗನಂಗ ಗಂಟು ಹಾಕವರು ಈ ಓಣ್ಯಾಗ ಇಲ್ಲ ಅಂತ ಅನಿಸಿತು. ಹೆತ್ತವರಿಗೆ ಹೆಗ್ಗಣಾ ಮುದ್ದು! ಬಾಯಿಲೆ ಮಾತ್ರ ಬೈದ್ಳು.

ಕೇಬಲ್ಲಿನ ಮೈಬೂಬ ಬಂದು ನೋಡಿ, ನಕ್ಕು ನಕ್ಕು ಸಾಕಾಗಿ, "ವಾಯರ್ ಬ್ಯಾಡ ಬಿಡ್ರಿ, ವೈಫೈ ಮ್ಯಾಲೇ ಆಡ್ರಿ," ಅಂತ ಹಚ್ಚಿಕೊಟ್ಟು ಹೋದ. ದಾನಮ್ಮ ಅಣ್ಣಗ ಬುದ್ಧಿ ಹೇಳಿದ್ಳು: "ಅಣ್ಣಾ, ಏನೂ ಕತ್ತರಿಸಬಾರದು. ಇನ್ನ ನಿಂತ್ರ ಬಂದ್ ಮಾಡಬೇಕು, ಒಂದಿಷ್ಟು ಹೊತ್ತು ಬಿಟ್ಟು ಮತ್ತ ಚಾಲೂ ಮಾಡಬೇಕು. ತಿಳೀತಿಲ್ಲೋ?"

"ತಿಳೀತು ತಂಗಿ! ಮುಂದಿನ ಸಲ ಹಂಗೇ ಮಾಡತೀನಿ!"

ಮುಂದಿನ ಸಲ ಬಂತು. ಆಟಕ್ಕ ಹೊಸಾ ಅಪ್‌ಡೇಟ್ ಬಂದಿತ್ತು, ಇಳಿಯಾಕ ಹಚ್ಚಿ ದಾನಮ್ಮ ಮಗ್ಗದ ಕಂಡಿಕಿಗೆ ನೂಲು ಸುತ್ತಾಕ ಹೋದ್ಳು. ಟೀವ್ಯಾಗ ಒಂದು ಹಸರ ಗೆರಿ, ಬಸವನಹುಳದಂಗ ಹರೀತಿತ್ತು. ಮುರಿಗೆಪ್ಪ ನೋಡಿದ. "ಎಲಾ ಇದರ! ನಿಂತೈತಿ!" ಬಂದ್ ಮಾಡಿದ. ಒಂದಿಷ್ಟು ಹೊತ್ತು ಬಿಟ್ಟ. ಚಾಲೂ ಮಾಡಿದ. ಗೆರಿ ಮತ್ತ ಮೊದಲಿಂದ. "ಮತ್ತ ನಿಂತೈತಿ!" ಬಂದ್ ಮಾಡಿದ. ಬಿಟ್ಟ. ಚಾಲೂ ಮಾಡಿದ. ಊಟಾ ಇಲ್ಲ, ನೀರಿಲ್ಲ. ದಾನಮ್ಮ ಸಂಜೀಕ ಬಂದು ನೋಡತಾಳ, ಗೆರಿ ಮುಂಜಾನಿ ಎಲ್ಲಿತ್ತೋ ಅಲ್ಲೇ ಐತಿ! ಅಣ್ಣನ ಮುಖದ ಮ್ಯಾಲ ಬೆವರು ಹರದೈತಿ.

"ಅಣ್ಣಾ, ಇಳಿಯೂದನ್ನ ನಡುವ ಬಂದ್ ಮಾಡತಾರೇನು! ಕೈ ಹಚ್ಚಬಾರದು. ಅದರ ಪಾಡಿಗೆ ಅದು ಮುಗಿಯೂತನಕ ಸುಮ್ಮ ನೋಡಕೊಂತ ಕೂಡಬೇಕು!"

"ತಿಳೀತು ತಂಗಿ! ಮುಂದಿನ ಸಲ ಹಂಗೇ ಮಾಡತೀನಿ!"

ಮರುದಿನ ಬಾಳವ್ವ ಒಲಿ ಮ್ಯಾಲ ಹಾಲಿಟ್ಟು, "ಮುರಿಗ್ಯಾ, ಹಾಲು ನೋಡೋ," ಅಂದು ನೀರಿಗೆ ಹೋದ್ಳು. ಮುರಿಗೆಪ್ಪ ನೋಡಿದ. ಹಾಲು ಕಾದದ್ದನ್ನ ನೋಡಿದ. ಉಕ್ಕಿದ್ದನ್ನ ನೋಡಿದ. ಒಲಿ ತುಂಬ ಹರದದ್ದನ್ನ ನೋಡಿದ. ತಳಾ ಹತ್ತಿ ಪಾತೇಲಿ ಕರ್ರಗಾದದ್ದನ್ನೂ ನೋಡಿದ. ಅವ್ವ ಓಡಿ ಬಂದಾಗ ಕೈ ಕಟಗೊಂಡು ಕುಂತಿದ್ದ.

"ಯವ್ವಾ, ಈಗ ಮುಗೀತು ನೋಡು! ನಾ ಕೈ ಹಚ್ಚಿಲ್ಲ!"

"ನಿನ್ನ ಬಾಯಾಗ ಮಣ್ಣ ಹಾಕ್ಲಿ! ಕಾದು ಮ್ಯಾಲ ಬಂದಾಗ ತಣ್ಣೀರು ಚಿಮುಕಿಸಬೇಕೋ ಹುಚ್ಚಾ! ಒಂದು ಹಿಡಿ ನೀರು ಹೊಡದಿದ್ರ ತಣ್ಣಗಾಗತಿತ್ತು!"

"ಆತು ಯವ್ವಾ! ಮುಂದಿನ ಸಲ ಹಂಗೇ ಮಾಡತೀನಿ!"

ಇಲ್ಲಿ ನಗಬ್ಯಾಡ್ರಿ. ಇಲ್ಲಿಂದ ಮುಂದಿಂದು ನಗೂ ಮಾತಲ್ಲ. ಪಂದ್ಯಾವಳಿಯ ಖರೇ ಆಟ ನಡದಿತ್ತು. ಈ ಆಟ ಗೆದ್ರ ಕಡೀ ಪಂದ್ಯಕ್ಕ ದಾರಿ. ಬಿಸಲಂದ್ರ ಬಿಸಲು! ಮುರಿಗೆಪ್ಪ ರೂಟರ್ ಮ್ಯಾಲ ಕೈ ಇಟ್ಟು ನೋಡಿದ. ಅಯ್ಯಯ್ಯೋ, ಸುಡಾಕತ್ತೈತಿ! ಕೆಂಪು ದೀಪಾ ಮಿಣಕ್ ಮಿಣಕ್ ಅಂತಾವು. "ಯವ್ವಾ, ಉಕ್ಕಾಕ ಬಂದೈತಿ!" ಅಂದಾಂವನ ಒಂದು ತಂಬಿಗಿ ತಣ್ಣೀರು ಹೊಡದುಬಿಟ್ಟ. ಡಬ್ಬಿ ಚುರ್ ಅಂತು. ದೀಪಾ ಆರಿದ್ವು. ಒಳಗಿಂದ ದಾನಮ್ಮ ಚೀರಿದ್ಳು.

ಗೆಳತ್ಯಾರು ಮೂವರೂ ಗಟ್ಟ್ಯಾರು, ದಾನಮ್ಮ ಇಲ್ಲದನ ಹಲ್ಲು ಕಚ್ಚಿ ಆಡಿ ಆಟ ಗೆದ್ರು. ಆದ್ರ ಪಂದ್ಯದವರ ಮಾತು ಬಂತು: "ಮೊದಲನೇ ಸಲದ ಮಾಫಿ ಮುಗೀತು. ಇನ್ನೊಮ್ಮೆ ಲೈನ್ ಹೋದ್ರ ಹೊರಗ."

ಬಾಳವ್ವ ಮಗ್ಗದ ಕಂಬಕ್ಕ ತಲಿ ಆನಿಸಿ ಅತ್ತಳು. "ಎಪ್ಪಾ, ಹಡದಾಕಿ ನಾ ಸಹಿಸಿಕೊಂಡೇನು. ಆಕಿ ದುಡದದ್ದು ನೀರಾಗ ಹೋಗ್ತದಲ್ಲೋ!" ಅಂದ್ಳು. ಮುರಿಗೆಪ್ಪಗ ಅವ್ವ ಅತ್ತದ್ದು ತಡೀಲಿಲ್ಲ, ತಾನೂ ಕುಂತು ಗೊಳೋ ಅಂತ ಅತ್ತ. ಕಡೀಕ ದಾನಮ್ಮನ ಇಬ್ಬರ ಕಣ್ಣೂ ಒರಸಬೇಕಾತು.

ಮೈಬೂಬ ಹೊಸಾ ರೂಟರ್ ತಂದು ಮಗ್ಗದ ಕೋಣ್ಯಾಗ ಹಚ್ಚಿದ. ಹೋಗೂ ಮುಂದ ಅಂದ: "ಬಾಳಕ್ಕಾ, ಡಬ್ಬಿ ಇಲ್ಲಿ, ಆಟ ಒಳಕೋಣ್ಯಾಗ. ನಡುವ ಈ ಮಣ್ಣಿನ ಗ್ವಾಡಿ ಮೊಳದುದ್ದ ದಪ್ಪ ಐತಿ. ಗ್ವಾಡಿ ಅಡ್ಡ ಇರಲಿಕ್ಕಂದ್ರ ಲೈನ್ ಎಂದೂ ಹೋಗೂದಿಲ್ಲ ನೋಡ್ರಿ." ಆಟದ ಡಬ್ಬಿ ಈಚಿ ಕಡೆ ತಂದಿಟಗೋರಿ ಅಂತ ಅವನ ಮಾತಿನ ಅರ್ಥ. ಬಾಳವ್ವಗ ತಿಳೀತು, ದಾನಮ್ಮಗ ತಿಳೀತು. ತಿಳೀಬೇಕಾದಾಂವಗ ಏನು ತಿಳೀತು?

ಮರುದಿನ ತಾಯಿ ಮಗಳು ಸೀರಿ ಕೊಟ್ಟು ಬರಾಕ ಪ್ಯಾಟಿಗೆ ಹೋಗಿದ್ರು. ತಿರುಗಿ ಬಂದು ಬಾಗಲಾ ತಗದ್ರ, ಒಂದೇ ಕೋಣಿ! ನಡುವ ಮಣ್ಣಿನ ಗುಡ್ಡಾ, ಗುಡ್ಡದ ಮ್ಯಾಲ ಕಬ್ಬಿಣದ ಹಾರಿ ಹಿಡಕೊಂಡು ಮುರಿಗೆಪ್ಪ! ಮೀಸಿ ಸುದ್ದಾ ಕೆಮ್ಮಣ್ಣು!

"ಯವ್ವಾ! ಗ್ವಾಡಿ ಅಡ್ಡ ಇಲ್ಲ ಈಗ!"

ದಾನಮ್ಮ ಮಣ್ಣಿನ ಹೆಂಟಿ ದಾಟಕೊಂತ ಹೋಗಿ ಆಟ ಹಚ್ಚಿ ನೋಡಿದ್ಳು. "ಯವ್ವಾ, ಬೈಬೇಕಂತೀನಿ. ಆದ್ರ ಲೈನ್ ಮಾತ್ರ ಭಾರಿ ಐತಿ!"

"ಲೈನ್ ಇರ್ಲಿ, ಮನಿ ಎಲ್ಲೈತಿ?" ಅಂತ ಒದರಿದ್ಳು ಬಾಳವ್ವ. "ಅಲ್ಲೋ, ಅಡ್ಡ ಬಂದದ್ದನ್ನೆಲ್ಲಾ ಒಡದು ಹಾಕತಾರೇನೋ? ನಾಳೆ ಮಂದಿ ಅಡ್ಡ ಬಂದ್ರ ಅವರನ್ನೂ ಹಾರಿಲೆ ಹೊಡೀತೀಯೇನು? ಅಡ್ಡ ಯಾರ ಬಂದ್ರೂ ಕೈ ಮುಗೀಬೇಕು. ಒಂಚೂರು ಸರೀರಿ ಅಂತ ಮರ್ಯಾದೀಲೆ ಕೇಳಬೇಕು!"

"ಆತು ಯವ್ವಾ! ಮುಂದಿನ ಸಲ ಹಂಗೇ ಮಾಡತೀನಿ!"

ಕಡೀ ಪಂದ್ಯ ಅಮಾಸಿ ದಿನ ಬಂತು. ಅಮಾಸಿಗೆ ನಮ್ಮೂರಾಗ ಮಗ್ಗಾ ಎಲ್ಲಾ ಬಂದ್, ಪೂಜಿ ಮಾಡಿ ಕಾಯಿ ಒಡೀತಾರ. ಓಣಿ ತುಂಬ ಮಂದಿ ಕೆಲಸಿಲ್ಲದ ಕುಂತು ಮೊಬೈಲ್ ನೋಡವರು. ಯಾರ ಲೈನ್ ಮ್ಯಾಲ? ಬಾಳವ್ವನ ಲೈನ್ ಮ್ಯಾಲ! ಪಾಸ್‌ವರ್ಡ್ ಯಾರಿಗೆ ಕೊಟ್ಟಿಲ್ಲ ಆಕಿ? ಉಪ್ಪು ಕೇಳಿದವರಿಗೆ ಉಪ್ಪು ಕೊಟ್ಟಂಗ ಕೊಟ್ಟಿದ್ಳು.

"ಅಣ್ಣಾ, ಇವತ್ತೊಂದಿನ ನಮ್ಮ ಲೈನ್ ಬಿಡ್ರಿ ಅಂತ ಎಲ್ಲಾರಿಗೂ ಹೇಳಿ ಬಾ," ಅಂದ್ಳು ದಾನಮ್ಮ.

ಮುರಿಗೆಪ್ಪ ಮನಿ ಮನಿಗೆ ಹೋಗಿ ಕೈ ಮುಗದ. ಓಣ್ಯಾಗ ಒಂದು ಎಮ್ಮಿ ಅಡ್ಡ ನಿಂತಿತ್ತು, ಅದಕ್ಕೂ ಕೈ ಮುಗದು, "ಯವ್ವಾ, ಒಂಚೂರು ಸರಿ," ಅಂತ ಅದು ಸರಿಯೂತನಕ ನಿಂತ. ಆದ್ರ ಕೆಲಸಾ ಮಾತ್ರ ಆತು! ಒಬ್ಬರೂ ಒಲ್ಲೆ ಅನ್ನಲಿಲ್ಲ. ಮೊಬೈಲ್ ಬಂದ್ ಆದ ಮ್ಯಾಲ ಮಂದಿ ಏನ್ ಮಾಡಬೇಕು? ಓಣಿಗೆ ಓಣೀನ ಎದ್ದು ಬಾಳವ್ವನ ಮನಿಗೆ ಆಟ ನೋಡಾಕ ಬಂತು. ಗ್ವಾಡಿ ಬ್ಯಾರೆ ಇಲ್ಲ, ಎಷ್ಟು ಮಂದಿ ಬಂದ್ರೂ ಹಿಡಸತಾರ! ಕುಂಕುಮ ಹಚ್ಚಿದ ಮಗ್ಗದ ಸುತ್ತ ಜನಾನೇ ಜನ. ಇಷ್ಟು ವರ್ಷದಾಗ ತನ್ನ ಮನ್ಯಾಗ ಹಿಂಗ ಮಂದಿ ಕೂಡಿದ್ದು ಬಾಳವ್ವ ಕಂಡಿದ್ದಿಲ್ಲ.

ಎದುರು ಸೋಲಾಪುರದ ಹುಡುಗರು. ಅವರೂ ನೇಕಾರ ಮಕ್ಕಳೇ, ಚಾದರ ನೇಯೂ ಊರವರು, ಭಾರಿ ಗಟ್ಟಿ. ಬಾಳ ಹೊತ್ತು ಆಟ ಜಗ್ಗ್ಯಾಡಿತು. ಇವರ ಇಬ್ಬರು ಬಿದ್ರು, ಅವರ ಇಬ್ಬರು ಬಿದ್ರು. ದಾನಮ್ಮ ನಿಶಾನಿ ಹಿಡಕೊಂಡು ಅವರ ಕೋಟಿ ಬಾಗಲಕ್ಕ ಮುಟ್ಟಿದ್ಳು. ಬಾಗಲದಾಗ ಅವರ ಇಬ್ಬರು ಕಂಬದಂಗ ನಿಂತಾರ!

"ಥೂ, ಅಡ್ಡ ನಿಂತಾರ!" ಅಂದ್ಳು ದಾನಮ್ಮ.

ಮುರಿಗೆಪ್ಪ ಕೇಳಿದ. ಅಡ್ಡ! ಒಂದ ಹೆಜ್ಜಿಗೆ ಬಂದಾಂವನ ತಂಗಿ ಬಾಯಿ ಮುಂದಿನ ಮೈಕಿಗೆ ಬಾಯಿ ಹಚ್ಚಿ, ಟೀವಿಗೆ ಎರಡೂ ಕೈ ಮುಗದು, "ಅಣ್ಣಾರ! ನಿಮ್ಮ ಕಾಲಿಗೆ ಬೀಳತೀನ್ರಿ! ಒಂಚೂರು ಸರೀರಿ, ನಮ್ಮ ತಂಗಿ ಒಳಗ ಹೋಗಬೇಕಂತ!" ಅಂದ.

ಸೋಲಾಪುರ ಮಹಾರಾಷ್ಟ್ರದಾಗ ಇದ್ರೇನು, ಕನ್ನಡಾ ತಿಳಿಯಲಾರದವರು ಅಲ್ಲಿ ಎಷ್ಟು ಮಂದಿ? ಆ ಕಡೆ ಹೋ ಅಂತ ನಗು. "ಯಾರ್ರೀ ಅದು?"

"ನಾ ಮುರಿಗೆಪ್ಪರಿ. ದಾನಮ್ಮನ ಅಣ್ಣ."

"ಆಟದಾಗ ಬೈದವರನ್ನ ಕಂಡೀವಿ, ಹಿಂಗ ಕೈ ಮುಗದು ಕೇಳಿದವರನ್ನ ಇವತ್ತೇ ಕಂಡದ್ದು. ಹೋಗಲಿ ಬಿಡ್ರಿ, ಬರ್ರಿ ಒಳಗ!" ಅಂದ್ರು. ಅಂದವರು ಇಬ್ಬರೂ ಸರದು ನಿಂತ್ರು! ಖರೇ ಹೇಳತೀನಿ, ಸರದು ನಿಂತ್ರು!

ಓಣಿ ಮಂದಿ ಎದ್ದು ಕುಣೀತು. "ಹೋಗ ದಾನವ್ವಾ! ಹೊಕ್ಕೋ! ನೆಡು ನಿಶಾನಿ!" ಬಾಳವ್ವನೂ ಕೂಗಿದ್ಳು, "ಹೋಗಽ ನನ್ನವ್ವಾ!"

ದಾನಮ್ಮ ಹೋಗಲಿಲ್ಲ. ಮುಖಾ ಕೆಂಪಗಾಗಿತ್ತು. ಮೈಕ್ ಎಳಕೊಂಡು, "ನಿಲ್ರಿ ಮೊದಲಿನ ಜಾಗಾದಾಗ," ಅಂದ್ಳು. "ಬೇಡಿ ಬಾಗಲಾ ತಗಿಸಿಕೊಂಡು ಹೋಗೂ ಮನಿತನದಾಕಿ ಅಲ್ಲ ನಾ. ಬರಬೇಕಂದ್ರ ಆಡೇ ಬರತೀನಿ."

ಬಾಳವ್ವಗ, ಸೋತ್ರ? ಅಂತ ಒಂದ ಸಲ ಅನಿಸಿತು. ಮರುಗಳಿಗಿಗೇ, ಸೋಲಲಿ ತಗೋ, ಇಂಥಾ ಮಾತಾಡೂ ಮಗಳು ಯಾರ ಹೊಟ್ಟ್ಯಾಗ ಹುಟ್ಟತಾಳ, ಅಂತ ಬೆನ್ನು ನೆಟ್ಟಗ ಮಾಡಿ ಕುಂತ್ಳು.

ಸೋಲಾಪುರದವರೂ ಮರ್ಯಾದಸ್ಥರು, ಬಂದು ನಿಂತ್ರು. ಈಗ ನೋಡಬೇಕಿತ್ತು ನೀವು! ದಾನಮ್ಮ ಎಡಕ್ಕ ಹೋದಂಗ ಮಾಡಿ ಬಲಕ್ಕ, ಬಲಕ್ಕ ಹೋದಂಗ ಮಾಡಿ ಎಡಕ್ಕ, ಮಗ್ಗದಾಗ ಲಾಳಿ ಓಡಿದಂಗ ಓಡಿದ್ಳು. ಒಬ್ಬಾಂವ ಬಿದ್ದ. ಇನ್ನೊಬ್ಬಾಂವ ತಿರುಗೂದ್ರಾಗ ಅವನ ತೋಳಿನ ತೆಳಗ ನುಗ್ಗಿ ಒಳಗ! ನೆಟ್ಟಳು ನಿಶಾನಿ! ಲೈನು? ಅಲುಗಾಡಲಿಲ್ಲ!

ಓಣಿ ಮಂದಿ ಸೀಟಿ ಹೊಡದ್ರು. ಅಮಾಸಿ ಕಾಯಿ ಮತ್ತೊಮ್ಮೆ ಒಡದ್ರು. ಬಾಳವ್ವ ಅಳಾಕತ್ತಳೋ ನಗಾಕತ್ತಳೋ ಆಕಿಗೇ ಗೊತ್ತಿಲ್ಲ. ಗದ್ದಲಾ ಇಳದ ಮ್ಯಾಲ ದಾನಮ್ಮ ಅಣ್ಣನ ಕಿವಿ ಹಿಡದಳು.

"ಅಣ್ಣಾ, ಮಂದಿ ಬಿಟ್ಟುಕೊಟ್ಟ ಜಾಗಾ ನಮಗ ಬ್ಯಾಡ. ನಮ್ಮ ಜಾಗಾ ನಾವೂ ಯಾರಿಗೂ ಬಿಟ್ಟುಕೊಡಬಾರದು. ಯಾರ ಬರಲಿ, ಎಷ್ಟು ಕೈ ಮುಗೀಲಿ, ಅಲುಗಾಡಬಾರದು. ತಿಳೀತಿಲ್ಲೋ?"

"ತಿಳೀತು ತಂಗಿ! ಮುಂದಿನ ಸಲ ಹಂಗೇ ಮಾಡತೀನಿ!"

ಐತವಾರ ನೇಕಾರ ಸಂಘದವರು ದಾನಮ್ಮಗ ಸನ್ಮಾನ ಇಟಗೊಂಡ್ರು. ಸಂಘದ ಮನಿ ಮುಂದ ವೇದಿಕಿ, ವೇದಿಕಿ ನಡುವ ಬಿಳೇ ಬಟ್ಟಿ ಹೊಚ್ಚಿದ ದೊಡ್ಡ ಕುರ್ಚಿ. ಮಂದಿ ನೂಕಾಟ ನೋಡಿ ಬಾಳವ್ವ ಅಂದ್ಳು, "ಮುರಿಗ್ಯಾ, ತಂಗಿ ಸೀರಿ ಉಟಗೊಂಡು ಬರೂತನಕ ಆ ಕುರ್ಚಿ ಹಿಡೀಪಾ. ಅದು ನಮ್ಮ ಜಾಗಾ."

ಮುರಿಗೆಪ್ಪ ಹೋಗಿ ಕುಂತ. ಎರಡೂ ಕೈಲೆ ಕುರ್ಚಿ ಗಟ್ಟಿ ಹಿಡದು ಕುಂತ. ಅಧ್ಯಕ್ಷರು ಬಂದ್ರು: "ಏಳಪಾ ಮುರಿಗೆಪ್ಪ, ದಾನಮ್ಮ ಬರೂ ಹೊತ್ತಾತು." ಅಲುಗಾಡಲಿಲ್ಲ. ಕೈ ಮುಗದು ಕೇಳಿದ್ರು. "ಎಷ್ಟು ಕೈ ಮುಗದ್ರೂ ಇಲ್ಲರಿ," ಅಂದ. ನಾಲ್ಕು ಮಂದಿ ಹಿಡದು ಎತ್ತಾಕ ಹೋದ್ರು, ಕುರ್ಚಿ ಸುದ್ದಾ ಎದ್ದಿತು, ಇಂವ ಏಳಲಿಲ್ಲ. ಅಷ್ಟರಾಗ ದಾನಮ್ಮ ಬಂದ್ಳು.

"ಅಣ್ಣಾ, ನಾನೇ ಬಂದೀನಿ, ಏಳು."

"ಯಾರ ಬಂದ್ರೂ ಬಿಟ್ಟುಕೊಡಬ್ಯಾಡ ಅಂದಾಕಿ ನೀನೇ!"

"ಅದು ನನ್ನ ಕುರ್ಚಿ ಅಣ್ಣಾ!"

"ಹೌದು! ಅದಕ್ಕ ಯಾರಿಗೂ ಬಿಡೂದಿಲ್ಲ!"

ಪೇಪರಿನ ಫೋಟೋದಾಂವಗ ಬ್ಯಾರೆ ಕಡೆ ಹೋಗೂ ಅವಸರ. ಅಧ್ಯಕ್ಷರು ಶಾಲ್ ಹಿಡಕೊಂಡು ಕಣ್ಣು ಕಣ್ಣು ಬಿಡಾಕತ್ತಾರ. ದಾನಮ್ಮಗ ನಗು ಉಕ್ಕಿ ಬಂತು. "ಅವನಿಗೇ ಹೊಚ್ಚ್ರಿ ಸಾಹೇಬ್ರ," ಅಂದ್ಳು. "ನಾ ಬರೇ ಆಡೀನಿ. ಗ್ವಾಡಿ ಒಡದಾಂವ ಅಂವ, ಮನಿ ಮನಿಗೆ ಕೈ ಮುಗದಾಂವ ಅಂವ. ಅವನ ಹಂಗ ನನ್ನ ಮಾತು ಯಾರೂ ಕೇಳಿಲ್ಲ." ಶಾಲ್ ಹೊಚ್ಚಿದ್ರು, ಹಾರಾ ಹಾಕಿದ್ರು, ಹಣ್ಣಿನ ಬುಟ್ಟಿ ತೊಡಿ ಮ್ಯಾಲ ಇಟ್ರು. ಮುರಿಗೆಪ್ಪ ಕುರ್ಚಿ ಬಿಡಲಿಲ್ಲ. ಫೋಟೋ ಹೊಡದ್ರು.

ಮರುದಿನ ಪೇಪರಿನಾಗ ದೊಡ್ಡದಾಗಿ ಬಂತು. ಹಾರಾ ಹಾಕ್ಕೊಂಡು, ಹುರಿ ಮೀಸಿ ಬಿಟಗೊಂಡು ಮುರಿಗೆಪ್ಪ ಕುಂತಾನ. ತೆಳಗ ಬರದೈತಿ: "ಪಂದ್ಯ ಗೆದ್ದ ಹೆಮ್ಮೆಯ ಕುವರಿ ದಾನಮ್ಮ."

ಬಾಳವ್ವ ಅದಕ್ಕ ಕಟ್ಟು ಹಾಕಿಸಿ ಬಾಗಲ ಎದುರಿಗೇ ತೂಗಹಾಕ್ಯಾಳ. ಹೊಸಬರು ಯಾರರ ಬಂದು, "ಅಲ್ಲ ಬಾಳವ್ವಾ, ಮಗಳಿಗೆ ಮೀಸಿ ಅದಾವಲ್ಲ?" ಅಂದ್ರ, ಆಕಿ ಸೆರಗು ನೆಟ್ಟಗ ಮಾಡಕೊಂಡು ಅಂತಾಳ: "ಅದಾವು, ಏನೀಗ? ಮೀಸಿಯಾಂವ, ಹೆಸರಿನಾಕಿ, ಎರಡೂ ನಾ ಹಡದವು. ಎದಕ್ಕ ಬೇಕಾದ್ರೂ ಕೈ ಮುಗೀರಿ!"